ಕ್ಯಾಪ್ಟನ್ನರನ್ನು ವಿಮಾನದಿಂದ ಇಳಿಸಿದ್ದು

ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವ ಹುಚ್ಚಿರುವವರನ್ನು ಹದಿಮೂರು ಸಾವಿರ ಅಡಿ ಮೇಲಕ್ಕೆ ಒಯ್ದು, ಒಬ್ಬೊಬ್ಬರನ್ನೇ ಆಕಾಶಕ್ಕೆ ಬಿಟ್ಟು, ಖಾಲಿ ವಿಮಾನವನ್ನು ಕೆಳಗಿಳಿಸುವುದು ಕ್ಯಾಪ್ಟನ್ನರ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ತಾವು ಒಮ್ಮೆಯೂ ಜಿಗಿದವರಲ್ಲ. ಯಾರಾದರೂ ಕೆಣಕಿದರೆ, “ನಾನು ಜಿಗಿದ್ರೆ ವಿಮಾನ ಯಾರು ಇಳಿಸ್ತಾರೆ, ನಿಮ್ಮಜ್ಜೀನಾ?” ಎನ್ನುತ್ತಿದ್ದರು. ಈ ನೆಪ ಚೆನ್ನಾಗಿಯೇ ನಡೆದಿತ್ತು. ಆಮೇಲೆ ಸ್ವಂತ ಮಗಳೇ ಪೈಲಟ್ ಆಗಿ ಅದೇ ಜಿಗಿತದ ಕ್ಲಬ್ಬಿಗೆ ಬಂದಳು.

ಲೈಸೆನ್ಸ್ ಕೈಗೆ ಬಂದಿತ್ತು. ಆದರೆ ಕ್ಲಬ್ಬಿನ ಒಡತಿಯ ನಿಯಮ ಬೇರೆ: ಜಿಗಿಯುವವರನ್ನೆಲ್ಲ ಬಿಟ್ಟ ಮೇಲೆ ಯಾರ ಸಹಾಯವೂ ಇಲ್ಲದೆ ಒಬ್ಬಳೇ ವಿಮಾನ ಇಳಿಸಿ ತೋರಿಸಬೇಕು. ಮೊದಲ ಸಲ ಕ್ಯಾಪ್ಟನ್ನರು, “ನನ್ನನ್ನ ಒಂದು ಮೂಟೆ ಅಂದ್ಕೋ” ಎಂದು ಪಕ್ಕದಲ್ಲಿ ಕೂತರು. ನೆಲ ಹತ್ತಿರವಾಗುತ್ತಲೇ ಮೂಟೆ ಕೈಚಾಚಿ ಲಿವರ್ ಎಳೆಯಿತು. ಆ ಸಲದ್ದು ಲೆಕ್ಕಕ್ಕಿಲ್ಲವಾಯಿತು. ಎರಡನೇ ಸಲ ಅವರನ್ನು ಕೆಳಗೇ ಬಿಟ್ಟರು. ಕ್ಯಾಪ್ಟನ್ನರು ಆಫೀಸಿನ ವೈರ್‌ಲೆಸ್ ಕಿತ್ತುಕೊಂಡು, “ವಿಮಾನದ ಮೂಗು ಎತ್ತು, ಅಷ್ಟಲ್ಲ, ಇನ್ನೊಂಚೂರು!” ಎಂದು ಚಕ್ರ ನೆಲ ಮುಟ್ಟುವವರೆಗೂ ಒದರಿದರು. ಅದೂ ಹೋಯಿತು.

“ಇನ್ನೊಂದೇ ಸಲ. ಇಲ್ಲಾಂದ್ರೆ ಬೇರೆ ಪೈಲಟ್ ನೋಡ್ಕೋತೀನಿ,” ಎಂದಳು ಒಡತಿ.

ಅಂದು ಊಟಕ್ಕೆ ಕೂತಾಗ ಮಗಳು ಹೇಳಿದಳು: “ಅಪ್ಪ, ಮೇಲಿದ್ರೆ ನಿನ್ನ ಕೈ ಸುಮ್ಮನಿರಲ್ಲ, ಕೆಳಗಿದ್ರೆ ಬಾಯಿ ಸುಮ್ಮನಿರಲ್ಲ. ನಡುವೆ ಇದ್ದುಬಿಡು.”

“ನಡುವೆ ಅಂದ್ರೆ?”

“ಧುಮುಕು ಅಂತಿದ್ದಾಳೆ,” ಎಂದಳು ಹೆಂಡತಿ, ಬಡಿಸುವುದನ್ನು ನಿಲ್ಲಿಸದೆ.

“ಅದರ ಬದಲು ಮನೇಲೇ ಇರ್ತೀನಿ.”

“ಮನೇಲಿ ಫೋನ್ ಇದೆ,” ಎಂದಳು ಮಗಳು.

ಹೀಗೆ ಕ್ಯಾಪ್ಟನ್ನರು ಜಿಗಿತದ ಮಾಸ್ತರನ ಎದೆಗೆ ಪಟ್ಟಿಗಳಿಂದ ಬಿಗಿಸಿಕೊಂಡು, ಎಳೆಕೂಸಿನಂತೆ ಕಾಲು ಚಾಚಿ, ತಮ್ಮದೇ ವಿಮಾನದ ನೆಲದ ಮೇಲೆ ಕೂತರು. ಇಬ್ಬರಿಗೂ ಸೇರಿ ಒಂದೇ ಪ್ಯಾರಾಚೂಟ್. ಮಗಳು ವಿಮಾನ ಮೇಲೇರಿಸಿದಳು. ಬಾಗಿಲು ತೆರೆದಾಗ ಉಳಿದವರೆಲ್ಲ ಕೇಕೆ ಹಾಕುತ್ತಾ ಹಾರಿದರು. ಕ್ಯಾಪ್ಟನ್ನರು ಬಾಗಿಲ ಚೌಕಟ್ಟನ್ನು ಭದ್ರವಾಗಿ ಹಿಡಿದುಕೊಂಡರು. ಬೀಳುವ ಭಯಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು: ತಾವು ಹೋದರೆ ಒಳಗೆ ಅವಳೊಬ್ಬಳೇ.

“ಒಂದ್ನಿಮಿಷ, ಈ ಚಿಲಕ ಸಡಿಲ ಆಗಿದೆ,” ಎಂದರು.

“ಸರ್, ಚಿಲಕ ಗಟ್ಟಿಯಾಗಿದೆ,” ಎಂದ ಮಾಸ್ತರ.

“ಗಾಳಿ ಎಡಗಡೆಯಿಂದ ಬೀಸ್ತಿದೆ, ಅವಳಿಗೆ ಹೇಳಿಬಿಡ್ತೀನಿ...”

“ಗೊತ್ತಪ್ಪಾ! ಬಿಡು ಕೈ!” ಮಗಳು ಹಿಂತಿರುಗಿಯೂ ನೋಡದೆ ಕೂಗಿದಳು.

ಬಿಟ್ಟರು. ಬೀಳುತ್ತಾ ಬೀಳುತ್ತಾ ಅಭ್ಯಾಸಬಲದಿಂದ, “ಹನ್ನೆರಡು ಸಾವಿರ! ಹನ್ನೊಂದು! ಹತ್ತು! ಅಯ್ಯಯ್ಯೋ, ಒಂಬತ್ತು!” ಎಂದು ಎತ್ತರ ಸಾರಿದರು. ಪ್ಯಾರಾಚೂಟ್ ಬಿಚ್ಚಿಕೊಂಡಿತು. ಸುತ್ತ ಎಲ್ಲವೂ ತಣ್ಣಗಾಯಿತು. ಇಂಥ ಹೊತ್ತಿನಲ್ಲಿ ಜನ ಆಕಾಶ ನೋಡುತ್ತಾರೆ, ನದಿ ನೋಡುತ್ತಾರೆ. ಕ್ಯಾಪ್ಟನ್ನರಿಗೆ ಕಂಡದ್ದು ರನ್‌ವೇ ಕಡೆ ಇಳಿಯುತ್ತಿದ್ದ ಆ ಪುಟ್ಟ ವಿಮಾನ ಒಂದೇ.

“ಮೂಗು ಎತ್ತು ಮಗಳೇ!”

“ಸರ್, ಅವರಿಗೆ ಕೇಳಿಸಲ್ಲ.”

“ಗೊತ್ತು ಕಣಯ್ಯಾ! ಮೂಗು ಎತ್ತೂ!” ಎನ್ನುತ್ತಾ, ಇಲ್ಲದ ಬ್ರೇಕನ್ನು ಎರಡೂ ಕಾಲಲ್ಲಿ ಒತ್ತಿದರು. ಒತ್ತಿದ್ದೆಲ್ಲ ಮಾಸ್ತರನ ಮೊಣಕಾಲಿಗೆ ಬಿತ್ತು. ವಿಮಾನ ನೆಲ ಮುಟ್ಟಿತು, ಒಮ್ಮೆ ಕುಪ್ಪಳಿಸಿತು, ಇನ್ನೊಮ್ಮೆ ಕುಪ್ಪಳಿಸಿತು, ಆಮೇಲೆ ನೆಟ್ಟಗೆ ಓಡಿ ನಿಂತಿತು. ಕ್ಯಾಪ್ಟನ್ನರಿಗೆ ಅಳು ಬಂತು. ಅಳುತ್ತಲೇ ಮೂರು ತಪ್ಪು ಎಣಿಸಿದರು.

“ಕಾಲು ಎತ್ತಿ ಸರ್! ಕಾಲು!” ಎಂದು ನೆಲ ಹತ್ತಿರವಾಗುತ್ತಲೇ ಮಾಸ್ತರ ಅರಚಿದ್ದು ಅವರ ತಲೆಗೆ ಹೋಗಲೇ ಇಲ್ಲ. ಇಬ್ಬರೂ ಹುಲ್ಲಿನಲ್ಲಿ ಪಲ್ಟಿ ಹೊಡೆದು ಬಿದ್ದರು.

ಮಗಳು ಏದುಸಿರು ಬಿಡುತ್ತಾ ಓಡಿಬಂದಳು. “ಅಪ್ಪ, ಪಾಸಂತೆ! ಹೇಗಿತ್ತು ನಾನು ಇಳಿಸಿದ್ದು? ಏನೇನು ತಪ್ಪಾಯ್ತು, ಹೇಳು.”

ಮೂರೂ ತಪ್ಪು ನಾಲಿಗೆಯ ತುದಿಯಲ್ಲೇ ಇದ್ದವು. ಕ್ಯಾಪ್ಟನ್ನರು ಬಾಯಲ್ಲಿದ್ದ ಹುಲ್ಲನ್ನು ಉಗಿದರು.

“ನನಗೇನು ಗೊತ್ತು? ಹೆದರಿಕೆಗೆ ಪೂರ್ತಿ ಕಣ್ಣು ಮುಚ್ಕೊಂಡಿದ್ದೆ.”

ಬೆನ್ನಿಗೆ ಇನ್ನೂ ಅಂಟಿಕೊಂಡೇ ಇದ್ದ ಮಾಸ್ತರ ಮೊಣಕಾಲು ನೀವಿಕೊಂಡ. “ಹೌದು, ಪಾಪ,” ಎಂದ. “ಒಂದು ಮಾತೂ ಆಡ್ಲಿಲ್ಲ.”