ಹತ್ತು ಲಕ್ಷದ ಒಂದು

ಎಪ್ಪತ್ತರ ದಶಕದ ಮೊದಲಲ್ಲಿ, ಬೈಲಹೊಂಗಲದ ನಮ್ಮ ಹೈಸ್ಕೂಲಿನಲ್ಲಿ ಹುಡುಗಿಯರು ಗಣಿತ ಬಿಟ್ಟು ಗೃಹವಿಜ್ಞಾನ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಬಹುದು ಎಂಬುದು ಬರೀ ಮಾತಿಗೆ. ತೆಗೆದುಕೊಳ್ಳಲೇಬೇಕು ಎಂಬುದು ಗಣಿತದ ಮಾಸ್ತರರ ಇಚ್ಛೆ. ಒಂಬತ್ತನೆಯ ಇಯತ್ತೆಯಲ್ಲಿ ಉಳಿದ ಹುಡುಗಿಯರೆಲ್ಲ ಎದ್ದು ಹೋದರು. ನಾನು ಕೂತೇ ಇದ್ದೆ.

ಮಾಸ್ತರರು ಎಂದೂ ದನಿ ಏರಿಸುತ್ತಿರಲಿಲ್ಲ. ಆ ಮೆಲುದನಿಯೇ ನನಗೆ ಸಿಟ್ಟು ತರಿಸುತ್ತಿತ್ತು. ಅವತ್ತು ಅವಿಭಾಜ್ಯ ಸಂಖ್ಯೆಗಳ ಪಾಠ. ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಗಳು. ಬೋರ್ಡಿನ ಮೇಲೆ 10,00,001 ಎಂದು ಬರೆದು, ಇದೂ ಅಂಥದೇ ಎಂದರು.

"ಹೆಂಗ ಗೊತ್ತಾತ್ರಿ ಸರ್?" ಎಂದೆ.

ಹುಡುಗರು ನಕ್ಕರು. ಮಾಸ್ತರರು ನಗಲಿಲ್ಲ. "ನೋಡಿದ್ರ ಗೊತ್ತಾಗತದವಾ. ಸಂಶೇ ಇದ್ರ ಒಡದು ತೊಗೊಂಡ ಬಾ. ಆಗಲಿಲ್ಲಂದ್ರ ಸುಮ್ನ ಗೃಹವಿಜ್ಞಾನಕ್ಕ ಹೋಗಿಬಿಡು."

"ಆತ್ರಿ," ಎಂದೆ.

ರವಿವಾರ ಪಡಸಾಲೆಯ ಶಹಾಬಾದಿ ಕಲ್ಲಿನ ಮೇಲೆ ಸೀಮೆಸುಣ್ಣ ಹಿಡಿದು ಕೂತೆ. ಮೂರು, ಏಳು, ಹನ್ನೊಂದು, ಹದಿಮೂರು: ಯಾವುದರಿಂದ ಭಾಗಿಸಿದರೂ ಎರಡೇ ಉಳಿಯುತ್ತಿತ್ತು, ಅಣಕಿಸುವ ಹಾಗೆ. ಹದಿನೇಳಕ್ಕೆ ಹತ್ತು ಉಳಿಯಿತು. ಒಂದೊಂದೇ ಅವಿಭಾಜ್ಯ ಹಿಡಿದು ಮುಂದೆ ಹೋದೆ. ನೆಲವೆಲ್ಲ ಬೆಳ್ಳಗಾಯಿತು.

ಹತ್ತಿ ಪೇಟೆಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಪೇಪರಿನಿಂದ ತಲೆ ಎತ್ತಿದರು. "ಸಾಕು ಮಾಡು. ಮಾಸ್ತರರ ಜೋಡಿ ಯಾಕ ಹಟಾ? ಗೃಹವಿಜ್ಞಾನ ಏನ ಕೆಟ್ಟದ್ದೇನು?"

ಮೂರನೆಯ ಇಯತ್ತೆಗೇ ಸಾಲೆ ಬಿಡಿಸಿಕೊಂಡಿದ್ದ ಅಜ್ಜಿ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. "ನೆಲಾ ಅಕಿ ಒರಸ್ತಾಳ," ಎಂದಳು ಅಪ್ಪನಿಗೆ. "ನೀ ನಿನ್ನ ಪೇಪರ ಓದು."

ತೊಂಬತ್ತೇಳಕ್ಕೆ ಇಪ್ಪತ್ತೆಂಟು ಉಳಿದಾಗ ಅಳು ಬಂತು. ಅತ್ತುಕೊಂಡೇ ಮುಂದಿನದನ್ನು ಹಿಡಿದೆ. ನೂರಾ ಒಂದು. ಶೇಷ ಸೊನ್ನೆ.

ಮರುದಿನ ಬೋರ್ಡಿನ ಮೇಲೆ 101 × 9,901 ಎಂದು ಬರೆದೆ. ಮಾಸ್ತರರು ತಾವೇ ಗುಣಿಸಿ ನೋಡಿದರು. ತಾಳೆಯಾಯಿತು.

"ಯಾರು ಹೇಳಿಕೊಟ್ರು?"

"ಯಾರೂ ಇಲ್ರಿ."

"ಹಂಗಾರ ಈ 9,901ನ್ನೂ ಒಡಿ ನೋಡೂಣು."

"ಅದು ಒಡಿಯೂದಿಲ್ರಿ."

"ನೋಡಿದ್ರ ಗೊತ್ತಾತೇನು?"

"ಇಲ್ರಿ ಸರ್, ಭಾಗಿಸಿ ನೋಡೇನಿ. ನೂರಾ ಒಂದಕ್ಕಿಂತ ಸಣ್ಣ ಅವಿಭಾಜ್ಯ ಯಾವದೂ ಹತ್ತು ಲಕ್ಷದ ಒಂದನ್ನ ಭಾಗಿಸಲಿಲ್ಲ. 9,901ನ್ನ ಭಾಗಿಸೂದು ಅದನ್ನೂ ಭಾಗಿಸಬೇಕಲ್ರಿ. ಇನ್ನ ನೂರಾ ಒಂದನ್ನ ನೂರಾ ಒಂದರಿಂದ ಗುಣಿಸಿದ್ರ 10,201, ಅದು 9,901ನ್ನ ದಾಟಿಬಿಡ್ತದ. ಮುಂದ ನೋಡೂ ಕಾರಣಾನೇ ಇಲ್ಲ."

ಹುಡುಗರು ಯಾರೂ ನಗಲಿಲ್ಲ. ಮಾಸ್ತರರು ಬೋರ್ಡು ಒರೆಸಿ, "ಹೋಗಿ ಕೂಡು," ಎಂದರು. ಆ ವಾರ ಪೇಟೆಯಲ್ಲಿ ಅಪ್ಪನಿಗೆ ಸಿಕ್ಕು, ನಿಮ್ಮ ಮಗಳು ಭಾಳ ಉದ್ಧಟ ಇದ್ದಾಳೆ ಎಂದರಂತೆ. ಅಪ್ಪ ಮನೆಗೆ ಬಂದು ಕೇಳಿದಾಗ ನಾನು ಇಲ್ಲವೆನ್ನಲಿಲ್ಲ. ಗಣಿತವನ್ನೂ ಬಿಡಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ರಾಮದುರ್ಗದಲ್ಲಿ ಶಿಕ್ಷಕಿಯಾಗಿ ಸೇರಿದೆ. ಮೊದಲ ದಿನ ಹೆಡ್‌ಮಾಸ್ತರರು ಟೈಂಟೇಬಲ್ ಮುಂದಿಟ್ಟು, "ಬಾಯಾರ, ನಿಮಗ ಹೊಲಿಗಿ ಕ್ಲಾಸ್ ಹಾಕೇನ್ರಿ," ಎಂದರು.

"ನನಗ ಹೊಲಿಗಿ ಬರೂದಿಲ್ರಿ," ಎಂದೆ. "ಗಣಿತ ಬರತದ."

ಅವರು ಟೈಂಟೇಬಲ್ ತಮ್ಮತ್ತ ಎಳೆದುಕೊಂಡು, ರಬ್ಬರು ಹುಡುಕತೊಡಗಿದರು.