ಡೆನ್ಜಿಲ್‌ನ ರೇಡಿಯೇಟರಿನ ನೀರು

ಯಾರ್ಕ್‌ಷೈರಿನ ನಿವೃತ್ತ ಅಂಚೆಯಣ್ಣ ಸಿರಿಲ್‌ಗೆ ಪಕ್ಕದ ಮನೆ ಡೆನ್ಜಿಲ್‌ನ ಹಳೆಯ ಹಸಿರು ಕಾರು ಕಂಡರೆ ಹೊಟ್ಟೆಯುರಿ. ತನ್ನದೂ ಅಷ್ಟೇ ಹಳೆಯ ಕಾರು. ಆದರೆ ಜನ ಫೋಟೊ ತೆಗೆಸಿಕೊಳ್ಳುವುದು ಹಸಿರು ಕಾರಿನ ಪಕ್ಕದಲ್ಲಿ. ಡೆನ್ಜಿಲ್ ಕಾರನ್ನು ಶೆಡ್ಡಿನಲ್ಲೇ ಬಿಟ್ಟು ಮಗಳ ಮನೆಗೆ ಹೋಗಿದ್ದಾಗ ರೇಡಿಯೋ ಕಡು ಹಿಮದ ಎಚ್ಚರಿಕೆ ಕೊಟ್ಟಿತು.

ಸಿರಿಲ್ ತನ್ನ ಕಾರಿನ ರೇಡಿಯೇಟರನ್ನು ಬರಿದು ಮಾಡಿ, ಹಳೆಯ ಕಾರಿನವರ ರೂಢಿಯಂತೆ ಸ್ಟಿಯರಿಂಗಿಗೆ ‘ನೀರಿಲ್ಲ’ ಎಂಬ ಚೀಟಿ ಕಟ್ಟಿದ.

“ಅವನ ಕಾರಲ್ಲಿ ನೀರು ಹಾಗೇ ಇದೆ. ಹೆಪ್ಪುಗಟ್ಟಿ ಇಂಜಿನ್ ಸೀಳಿಹೋಗ್ಲಿ ಬಿಡು,” ಎಂದ ಹೆಂಡತಿ ಮೇವಿಸ್‌ಗೆ.

“ಸೀಳಿದ್ರೆ ವರ್ಷವಿಡೀ ಹಳೇ ಕಾರಿನ ಕ್ಲಬ್ಬಲ್ಲಿ ಅದೇ ಮಾತು. ಅಯ್ಯೋ ಪಾಪ ಅಂತ ಎಲ್ರೂ ಅವನಿಗೇ ಬಿಯರ್ ಕೊಡಿಸ್ತಾರೆ, ನೋಡ್ತಿರಿ.”

ಆ ಕನಿಕರವನ್ನೂ ಅವನಿಗೆ ಬಿಟ್ಟುಕೊಡಲು ಸಿರಿಲ್‌ಗೆ ಮನಸ್ಸಾಗಲಿಲ್ಲ. ಬೀಗವಿಲ್ಲದ ಪಕ್ಕದ ಶೆಡ್ಡಿಗೆ ನುಗ್ಗಿ, ರೇಡಿಯೇಟರಿನ ಅಡಿಯ ತುಕ್ಕು ಕಟ್ಟಿಕೊಂಡ ನಲ್ಲಿಯಲ್ಲಿ ತಂತಿ ಆಡಿಸಿ, ನೀರೆಲ್ಲ ಹರಿಸಿ, ಅಲ್ಲೂ ಚೀಟಿ ಕಟ್ಟಿ ಬಂದ.

ಮುಂದಿನ ಭಾನುವಾರ ಡೆನ್ಜಿಲ್ ಕ್ಲಬ್ಬಿನಲ್ಲಿ ಎದೆಯುಬ್ಬಿಸಿ ನಿಂತ. “ಹೊರಡೋ ಗಡಿಬಿಡೀಲೂ ನೀರು ತೆಗೆದು ಚೀಟಿ ಕಟ್ಟಿದೀನಿ ಕಣ್ರಯ್ಯಾ, ನಂಗೇ ನೆನಪಿಲ್ಲ! ಕೈಗೇ ಅಷ್ಟು ಅಭ್ಯಾಸ!”

ಎಲ್ಲರೂ ಚಪ್ಪಾಳೆ ತಟ್ಟಿದರು. “‘ಅದು ನಾನೇ ಮಾಡಿದ್ದು’ ಅನ್ರೀ,” ಎಂದು ಮೇವಿಸ್ ತಿವಿದಳು.

“ಹಾಗಂದ್ರೆ, ಅವನ ಕಾರಂದ್ರೆ ನಂಗೆ ಪ್ರಾಣ ಅಂದ್ಕೋತಾರೆ ಕಣೇ,” ಎಂದು ಹಲ್ಲು ಕಚ್ಚಿ, ಸಿರಿಲ್ ತಾನೂ ಚಪ್ಪಾಳೆ ತಟ್ಟಿದ.