‘ನಿನ್ನೆಯಂತೆ’ ಎಂದು ಬರೆದ ಬೆಳಿಗ್ಗೆ

ಐದು ವರ್ಷದ ಹಿಂದಿನ ಚಳಿಗಾಲ. ಹಿಮಾಲಯದ ಒಂದು ಕಣಿವೆಯ ಠಾಣೆಯಲ್ಲಿ ನಾನು ಹಿಮ ವೀಕ್ಷಕನಾಗಿದ್ದೆ. ನಾನು ನಾಗಪುರದ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವನು. ನೌಕರಿ ಸಿಗುವವರೆಗೆ ಹಿಮ ಕಂಡಿರಲಿಲ್ಲ. ನನ್ನ ತಂಗಿ ಗಿರಿಜಾಳ ಗಂಡ ವಿರೂಪಾಕ್ಷ ಅದೇ ಠಾಣೆಯಲ್ಲಿ ವೈರ್‌ಲೆಸ್ ಮೆಕ್ಯಾನಿಕ್.

ಇಳಿಜಾರಿನಲ್ಲಿ ಗುಂಡಿ ತೋಡಿ ಹಿಮದ ಪದರಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ನಡುವಿನ ಒಂದು ಪದರ ಸಡಿಲವಾದರೂ ಸಾಕು, ಅದರ ಮೇಲಿನದೆಲ್ಲ ಒಮ್ಮೆಗೇ ಜಾರಿ ಬರುತ್ತದೆ. ಅದೇ ಅವಲಾಂಚ್. ಅಪಾಯ ಎಷ್ಟಿದೆ ಎಂದು ಪ್ರತಿ ಬೆಳಿಗ್ಗೆ ಬುಲೆಟಿನ್ ಬರೆಯಬೇಕು. ಹೊಸ ಹಿಮ ಬಿದ್ದಿಲ್ಲದಿದ್ದರೆ ‘ನಿನ್ನೆಯಂತೆ’ ಎಂದು ಬರೆದು ಸಹಿ ಹಾಕುವುದು ಅಲ್ಲಿನ ರೂಢಿ.

ಆ ವಾರ ಆಕಾಶ ತಿಳಿಯಾಗಿತ್ತು. ಆದರೆ ಎರಡು ದಿನ ಗಾಳಿ ಬೀಸಿ, ಬೆಟ್ಟದಾಚೆಯ ಹಿಮವನ್ನೆಲ್ಲ ತಂದು ನಮ್ಮ ಇಳಿಜಾರಿಗೆ ಹೇರಿತ್ತು. ಗುಂಡಿ ತೋಡಿದೆ. ಮೇಲೆ ಹಲಗೆಯಂತೆ ಗಟ್ಟಿ; ಮೊಣಕಾಲಿನಷ್ಟು ಕೆಳಗೆ ದಪ್ಪ ಸಕ್ಕರೆಯಂಥ ಹರಳು, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗದೆ ಸುರಿಯುತ್ತಿತ್ತು. ಮರುದಿನ ಬೆಳಿಗ್ಗೆ ‘ಅಪಾಯ ಹೆಚ್ಚು’ ಎಂದು ಬರೆದೆ.

ಮೇಲಧಿಕಾರಿ ಕಿಟಕಿಯಾಚೆ ನೋಡಿದರು. ಇಂಥ ಬಿಸಿಲಿನಲ್ಲಿ ಎಲ್ಲರನ್ನೂ ಠಾಣೆಯೊಳಗೇ ಕೂರಿಸಿದರೆ ಮೇಲಿನವರಿಗೆ ಏನು ಉತ್ತರ ಕೊಡಲಿ ಎಂದರು. ಗುಂಡಿಯನ್ನು ಬಂದು ನೋಡಿ ಎಂದೆ. ಬರಲಿಲ್ಲ. ಹಾಳೆ ಹರಿದು ಹೊಸದು ಕೊಟ್ಟರು. ‘ನಿನ್ನೆಯಂತೆ’ ಎಂದು ಬರೆದು ಸಹಿ ಹಾಕಿದೆ.

ಇಳಿಜಾರಿನ ಮೇಲಿನ ಆಂಟೆನಾ ಸರಿಮಾಡಲು ಮೂವರು ಹೊರಟರು. ಬೂಟು ಬಿಗಿಯುತ್ತ ವಿರೂಪಾಕ್ಷ ನಕ್ಕು ಕೇಳಿದ.

“ಭಾವಾ, ಮ್ಯಾಲೆ ಎಲ್ಲಾ ಬರೋಬರ್ ಐತೇನ್ರಿ? ಇಲ್ಲಾಂದ್ರ ನಿಮ್ಮ ತಂಗಿ ಮುಂದ ನೀವ ನಿಂದರ್ಬೇಕಾಕ್ಕೈತಿ ನೋಡ್ರಿ.”

“ಹುಷಾರಾಗಿ ಹೋಗು” ಎಂದೆ. ಅಷ್ಟೇ ಎಂದೆ.

ಇಳಿಜಾರಿನ ಹಿಮ ಅವರ ಕಾಲಡಿಯೇ ಸೀಳಿ ಜಾರಿತು. ಇಬ್ಬರನ್ನು ಜೀವಂತ ತೆಗೆದೆವು. ವಿರೂಪಾಕ್ಷನನ್ನು ತೆಗೆಯುವಷ್ಟರಲ್ಲಿ ಹೊತ್ತು ಮೀರಿತ್ತು.

ತಿಂಗಳಾದ ಮೇಲೆ ನಾಗಪುರದ ಮನೀಶ್ ನಗರದಲ್ಲಿದ್ದ ತಂಗಿಯ ಮನೆಗೆ ತನಿಖೆಯ ಪತ್ರ ಬಂತು. ‘ಅನಿರೀಕ್ಷಿತ ಪ್ರಕೃತಿ ವಿಕೋಪ’ ಎಂದಿತ್ತು. ನನ್ನ ಗುಂಡಿಯ ವಿಷಯ ಒಂದು ಸಾಲೂ ಇಲ್ಲ. ಒಬ್ಬ ಮನುಷ್ಯನ ಜೀವ ಹೋದದ್ದಕ್ಕೆ ಹಿಮದ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಂಡಿದ್ದರು.

“ಅಣ್ಣಾ, ಯಾರಿಗೂ ಗೊತ್ತ ಇರ್ಲಿಲ್ಲೇನು?”

“ನನಗ ಗೊತ್ತಿತ್ತವ್ವಾ.”

ಅವಳು ಅಳಲಿಲ್ಲ. “ಹಂಗಾರ ಹಂಗಂತ ಬರದ್ ಕೊಡು” ಎಂದಳು.

ಹಾಳೆ ಹರಿದದ್ದನ್ನೂ ನಾನು ಸಹಿ ಹಾಕಿದ್ದನ್ನೂ ಬಿಡದೆ ತನಿಖೆಯವರಿಗೆ ಬರೆದು ಕಳಿಸಿದೆ. ದಾಖಲೆಯಲ್ಲಿ ನಿಮ್ಮ ಸಹಿ ‘ನಿನ್ನೆಯಂತೆ’ ಎಂಬುದರ ಕೆಳಗಿದೆ, ಪ್ರಕರಣ ಮುಗಿದಿದೆ ಎಂದು ಉತ್ತರ ಬಂತು. ಆ ಅಧಿಕಾರಿಗೆ ಬಡ್ತಿಯೂ ಆಯಿತು.

ಆ ವರ್ಷ ಪಂಚಮಿಗೆ ಗಿರಿಜಾ ತವರೆಂದು ನಮ್ಮ ಮನೆಗೆ ಬರಲಿಲ್ಲ. ಕರೆಯುವ ಮುಖ ನನಗೂ ಇರಲಿಲ್ಲ.

ಈಗ ನಿವೃತ್ತನಾಗಿದ್ದೇನೆ. ಗುಂಡಿಗೆ ಇಳಿಯದವನು ಹೇಳಿದ್ದನ್ನು ಇಳಿದವನು ಬರೆಯಬಾರದು. ಇಷ್ಟನ್ನು ಕಲಿಯಲು ನನಗೆ ಇಪ್ಪತ್ತೆಂಟು ವರ್ಷದ ನೌಕರಿ ಸಾಲಲಿಲ್ಲ. ತಂಗಿಯ ಗಂಡನ ಜೀವವೇ ಬೇಕಾಯಿತು.